ಕಿತ್ತೂರಿನ ಮದ್ದಿನ ಮನೆಯೂ ಸೆಗಣಿಯ ಕಥೆಯೂ

ಪ್ರತಿವರ್ಷ ಅಕ್ಟೋಬರ ತಿಂಗಳ 23ನೆಯ ತಾರೀಖು ಬಂದಿತೆಂದರೆ ಕಿತ್ತೂರಿನ ಕೋಟೆಯ ಬಯಲು ಜನರಿಂದ ತುಂಬುವದು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಕಡೆಯಿಂದ ಜನರು ತಂಡತಂಡವಾಗಿ ಬಂದು ರಾಣಿ ಚೆನ್ನಮ್ಮನಿಗೆ ಕೈಮುಗಿದು ಹೋಗುವರು. 2024ರಲ್ಲಿ ಆ ಕಾಳಗಕ್ಕೆ ಇನ್ನೂರು ವರ್ಷಗಳು ತುಂಬಿದವು. ಉತ್ಸವವು ನಡೆಯತಕ್ಕದ್ದೇ, ಅದರ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಚೆನ್ನಮ್ಮನ ವಿಷಯವಾಗಿ ಆಡುವ ಭಾಷಣಗಳಲ್ಲಿಯೂ ಬರೆಯುವ ಲೇಖನಗಳಲ್ಲಿಯೂ ಎರಡು ಸಂಗತಿಗಳು ಮತ್ತೆ ಮತ್ತೆ ಬರುತ್ತಿರುವವು. ಒಂದು, ಕಂಪನಿ ಸರಕಾರವು 20,797 ಸೈನಿಕರನ್ನೂ 437 ತೋಫುಗಳನ್ನೂ ತಂದು ಕಿತ್ತೂರಿನ ಮೇಲೆ ಬಿದ್ದಿತೆಂಬುದು. ಇನ್ನೊಂದು, ಮಲ್ಲಪ್ಪಶೆಟ್ಟಿ ವೆಂಕಟರಾಯರೆಂಬ ದ್ರೋಹಿಗಳು ಮದ್ದಿನ ಮನೆಯನ್ನು ಹೊಕ್ಕು ತೋಫಿನ ಮದ್ದಿನಲ್ಲಿ ಸೆಗಣಿ ಬೆರೆಸಿದ್ದರಿಂದಲೇ ಕೋಟೆಯು ಬಿದ್ದಿತೆಂಬುದು. ಈ ಎರಡು ಮಾತುಗಳಿಂದ ಕಿತ್ತೂರಿನ ಗೌರವವು ಹೆಚ್ಚುವದೆಂದು ಅವನ್ನಾಡುವವರು ಮನಃಪೂರ್ವಕವಾಗಿ ನಂಬಿರುವರು. ವಿಚಾರಿಸಿ ನೋಡಿದರೆ ಇವುಗಳಿಂದ ಕಿತ್ತೂರಿಗೆ ಆಗಿರುವದು ಹಾನಿಯೇ ಹೊರತು ಲಾಭವಲ್ಲ.

ಮೊದಲು ನಿರ್ವಿವಾದವಾದ ಸಂಗತಿಗಳನ್ನು ನೆನೆಯುವದು ಲೇಸು. ಮಲ್ಲಸರ್ಜ ದೇಸಾಯಿಯು 1816ರಲ್ಲಿ ತೀರಿಕೊಂಡನು. ಅವನ ಮಗ ಶಿವಲಿಂಗರುದ್ರಸರ್ಜನು 1824ರ ಸಪ್ಟೆಂಬರದಲ್ಲಿ ಮಕ್ಕಳಿಲ್ಲದೆ ಕಾಲವಾದನು. ಮಸ್ತಮರಡಿಯ ಗೌಡರ ಮನೆತನದ ಹುಡುಗನನ್ನು ದತ್ತಕ ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಮಾನ್ಯ ಮಾಡಲಿಲ್ಲ. ಬೊಕ್ಕಸಕ್ಕೆ ಮುದ್ರೆ ಹಾಕಿ ಕಾವಲಿಟ್ಟನು. ಅಕ್ಟೋಬರ 23ರಂದು ಅವನು ಕೋಟೆಯ ಬಾಗಿಲನ್ನು ತೋಫಿನಿಂದ ಒಡೆಯುವೆನೆಂದು ಬೆದರಿಸಿದಾಗ, ಬಾಗಿಲು ತಾನಾಗಿಯೇ ತೆರೆಯಿತು. ಒಳಗಿನ ದಂಡು ಹೊರಗೆ ನುಗ್ಗಿತು. ಥ್ಯಾಕರೆಯು ಸತ್ತನು. ಅವನೊಡನೆ ಬಂದ ಕುದುರೆ ತೋಫಖಾನೆಯ ಅಧಿಕಾರಿಗಳಾದ ಬ್ಲ್ಯಾಕ್, ಸಿವೆಲ್, ಡೈಟನ್ ಎಂಬ ಮೂವರೂ ಪ್ರಾಣ ಕಳೆದುಕೊಂಡರು. ಸ್ಟೀವನ್‌ಸನ್, ಎಲಿಯಟ್ ಎಂಬಿಬ್ಬರು ಸೆರೆಸಿಕ್ಕರು. ಮುಂದೆ ಕಮಿಶನರ ಚಾಪ್ಲಿನನು ಬಂದನು. ಕರ್ನಲ್ ಡೀಕನ್ನನ ಕೈಕೆಳಗೆ ದೊಡ್ಡ ದಂಡು ಕೂಡಿತು. ಡಿಸೆಂಬರದ ಮೊದಲಲ್ಲಿ ಕೋಟೆಯ ಗೋಡೆಯು ಒಡೆಯಿತು. 5ನೆಯ ತಾರೀಖಿಗೆ ಕಿತ್ತೂರು ಕೈಬಿಟ್ಟಿತು. ಚೆನ್ನಮ್ಮನು ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರ ಫೆಬ್ರುವರಿಯಲ್ಲಿ ದೇಹವಿಟ್ಟಳು. ಅವಳ ಸಮಾಧಿಯು ಅಲ್ಲಿಯೇ ಇರುವದು.

ಈ ಸಂಗತಿಗಳ ಮೇಲೆ ಆ 437 ತೋಫುಗಳನ್ನು ತಂದಿಟ್ಟು ನೋಡಬೇಕು. ಆ ಸಂಖ್ಯೆಯನ್ನು ಹೇಳುವವರೇ, ತೋಫುಗಳು ಮುಖ್ಯವಾಗಿ ಮದ್ರಾಸ ಕುದುರೆ ತೋಫಖಾನೆಯ ಮೂರನೆಯ ತುಕಡಿಗೆ ಸೇರಿದವೆಂದೂ ಹೇಳುವರು. ಆ ಕಾಲದ ಕುದುರೆ ತೋಫಖಾನೆಯ ಒಂದು ತುಕಡಿಗೆ ಸಾಮಾನ್ಯವಾಗಿ ಇರತಕ್ಕ ತೋಫುಗಳು ಆರು. ಆ ಲೆಕ್ಕದಂತೆ 437 ತೋಫುಗಳಿಗೆ ಎಪ್ಪತ್ತಕ್ಕೂ ಹೆಚ್ಚು ತುಕಡಿಗಳು ಬೇಕು. ಒಂದು ತುಕಡಿಯಲ್ಲಿ ಅವು ಅಡಗಲಾರವು. ಇನ್ನೊಂದು ಅಳತೆಗೋಲನ್ನು ಹಿಡಿದು ನೋಡಬಹುದು. 1815ರಲ್ಲಿ ವಾಟರ್ಲೂ ರಣರಂಗದಲ್ಲಿ ಯುರೋಪದ ಭವಿಷ್ಯವೇ ಪಣಕ್ಕಿದ್ದಾಗ ನೆಪೋಲಿಯನ್ನನ ಬಳಿಯಿದ್ದ ತೋಫುಗಳು ಸುಮಾರು 250. ವೆಲಿಂಗ್ಟನ್ನನ ಬಳಿಯಿದ್ದವು ಸುಮಾರು 150. ಇಬ್ಬರವನ್ನೂ ಕೂಡಿಸಿದರೂ ಕಿತ್ತೂರಿನ ಮುಂದೆ ನಿಲ್ಲಿಸಿದ ತೋಫುಗಳಷ್ಟಾಗುವದಿಲ್ಲ!

ಒಕ್ಕಲುತನದ ನಾಡಿನವರಿಗೆ ಎತ್ತಿನ ಲೆಕ್ಕವು ಇನ್ನೂ ಬೇಗ ತಿಳಿಯುವದು. ಹಗುರವಾದ ತೋಫಿಗೇ ಎಂಟು ದನಗಳನ್ನು ಹೂಡಿದರೆಂದು ಹಿಡಿದರೂ 437 ತೋಫುಗಳಿಗೆ 3,496 ದನಗಳಾದವು. ಮದ್ದು ಗುಂಡುಗಳ ಬಂಡಿಯು ತೋಫಿಗೊಂದರಂತೆ ಬೇರೆ. ತೋಫು ಬಂಡಿಗಳು ಒಂದರ ಹಿಂದೊಂದು ಹೊರಟು, ಒಂದೊಂದಕ್ಕೆ ಹದಿನೈದು ಮೀಟರು ದಾರಿ ಬೇಕಾದರೆ ಸಾಲು ಹದಿಮೂರು ಕಿಲೋಮೀಟರಿಗೆ ಮುಟ್ಟುವದು. ಎಂದರೆ ಧಾರವಾಡದಿಂದ ಕಿತ್ತೂರಿಗಿರುವ ದಾರಿಯ ಅರ್ಧಕ್ಕೆ ಸಮೀಪ. ಅಷ್ಟು ದನಗಳಿಗೆ ಮೇವೆಲ್ಲಿ, ನೀರೆಲ್ಲಿ ಎಂದು ಯಾವ ಹಳ್ಳಿಯ ಒಕ್ಕಲಿಗನಾದರೂ ಕೇಳಿಯಾನು. ಆದರೆ ಲೇಖನಿ ಹಿಡಿದವರು ಕೇಳಲಿಲ್ಲ. ಒಬ್ಬನು ಬರೆದದ್ದನ್ನು ಮತ್ತೊಬ್ಬನು ಎತ್ತಿಕೊಂಡನು; ಮತ್ತೊಬ್ಬನದನ್ನು ನೂರು ಜನರು ಎತ್ತಿಕೊಂಡರು.

ವೈರಿಯನ್ನು ಹೀಗೆ ಹಿಗ್ಗಿಸುವದರಿಂದ ಕಿತ್ತೂರಿನವರ ಶೌರ್ಯವು ಹಿಗ್ಗುವದೆಂದು ತಿಳಿಯುವದು ಭ್ರಮೆಯು. ಅಕ್ಟೋಬರ 23ರ ನಿಜವಾದ ಹಿರಿಮೆಯು ತೋಫುಗಳ ಸಂಖ್ಯೆಯಲ್ಲಿಲ್ಲ, ಬುದ್ಧಿಯಲ್ಲಿದೆ. ಬಾಗಿಲಿನ ಮುಂದೆ ತೋಫು ಬಂದು ನಿಂತ ಮೇಲೆ ಕೋಟೆಯೊಳಗೆ ಕುಳಿತವನಿಗೆ ಬಾಗಿಲು ಒಡೆಯುವ ತನಕ ಕಾಯುವದೊಂದೇ ಕೆಲಸ. ತೋಫು ಹತ್ತಿರದಲ್ಲಿದ್ದಾಗ ಅದನ್ನು ಗೆಲ್ಲುವ ಉಪಾಯವೆಂದರೆ ಅದು ಹಾರುವ ಮೊದಲೇ ಅದರ ಮೇಲೆ ಬೀಳುವದು. ಸರದಾರ ಗುರುಸಿದ್ದಪ್ಪನೂ ಅವನ ಸಂಗಡಿಗರೂ ಮಾಡಿದ್ದು ಇದನ್ನೇ. ತೋಫಖಾನೆಯ ಮೂವರು ಅಧಿಕಾರಿಗಳು ಅದೇ ಕಾಳಗದಲ್ಲಿ ಮಡಿದದ್ದು ಇದಕ್ಕೆ ಸಾಕ್ಷಿಯು. ಇದು ತೋಫಿನ ಗುಣದೋಷಗಳನ್ನು ಬಲ್ಲವರ ಕೆಲಸವು. ಇದನ್ನು ಬಿಟ್ಟು ನಾಲ್ಕುನೂರು ತೋಫುಗಳ ಕಟ್ಟುಕಥೆಯನ್ನು ಹೇಳಿದರೆ ಬಲ್ಲವರನ್ನು ಬರಿಯ ಪವಾಡಪುರುಷರನ್ನಾಗಿ ಮಾಡಿದಂತಾಗುವದು. ಪವಾಡದಿಂದ ಯಾರೂ ಏನನ್ನೂ ಕಲಿಯಲಾರರು.

ಇನ್ನು ಸೆಗಣಿಯ ಕಥೆಯು. ಇದನ್ನು ಹೇಳುವವರು ಮದ್ದೆಂದರೇನೆಂದು ಒಮ್ಮೆಯಾದರೂ ವಿಚಾರಿಸಿದ್ದರೆ ಚೆನ್ನಾಗಿತ್ತು. ನೂರು ಪಾಲು ತೋಫಿನ ಮದ್ದಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಲಿ, 10 ಪಾಲು ಗಂಧಕವಿರುವದು. ಇದ್ದಲಿಯು ಎಲ್ಲೆಲ್ಲಿಯೂ ಸಿಗುವದು. ಗಂಧಕವನ್ನು ವ್ಯಾಪಾರಿಗಳಿಂದ ತರಿಸಬೇಕು. ಪೆಟ್ಲುಪ್ಪು ಬರುವದು ಎಲ್ಲಿಂದ? ದನಗಳನ್ನು ಬಹುಕಾಲ ಕಟ್ಟಿದ ಹಟ್ಟಿಯ ನೆಲದಿಂದ, ಹಳೆಯ ಮಣ್ಣಿನ ಗೋಡೆಗಳ ಬುಡದಿಂದ. ಗಂಜಳ ಸೆಗಣಿಗಳು ನೆಂದು ಕಳಿತ ಆ ಮಣ್ಣನ್ನು ಅಗೆದು, ನೀರಿನಲ್ಲಿ ಕದಡಿ, ಸೋಸಿ, ಕುದಿಸಿ, ಆರಿಸಿದರೆ ಹರಳುಗಟ್ಟುವ ಉಪ್ಪೇ ತೋಫಿನ ಬಲವು. ಎಂದರೆ ಸೆಗಣಿಯು ಮದ್ದಿನ ವೈರಿಯಾಗುವ ಮೊದಲೇ ಅದರ ತಾಯಿಬೇರಿಗೆ ಸಂಬಂಧಪಟ್ಟದ್ದು! ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಹಿತ್ತಲ ಮಣ್ಣಿನಿಂದಲೇ ಮದ್ದು ಮಾಡುತ್ತಿದ್ದ ಕುಶಲರ ಮುಂದೆ ಹೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು.

ಸಿದ್ಧವಾದ ಮದ್ದಿನಲ್ಲಿ ಹಸಿಯ ಪದಾರ್ಥವು ಬೆರೆತರೆ ಅದು ಕೆಡುವದು ನಿಜವು. ಆದರೆ ಕೆಟ್ಟ ಮದ್ದನ್ನು ತೋಫಿಗೆ ತುಂಬುವ ಗೋಲಂದಾಜನು ಕುರುಡನೇ? ಮದ್ದನ್ನು ಬಿಸಿಲಿಗೆ ಹರವಿ, ಬೆರಳಿನಲ್ಲಿ ಉಜ್ಜಿ, ಚಿಟಿಕೆ ಮದ್ದಿಗೆ ಕಿಡಿ ತಾಗಿಸಿ ಪರೀಕ್ಷಿಸುವದು ಅವನ ಕಸುಬಿನ ಮೊದಲ ಪಾಠವು. ಮಲೆನಾಡಿನ ಸೆರಗಿನಲ್ಲಿರುವ ಕಿತ್ತೂರಿನಲ್ಲಿ ಮಳೆಗಾಲವಿಡೀ ಗಾಳಿಯು ತೇವವಾಗಿರುವದು. ಸರಿಯಾಗಿ ಶುದ್ಧಮಾಡದ ಪೆಟ್ಲುಪ್ಪು ಆ ತೇವವನ್ನು ಹೀರುವದು. ಅಂಥ ಊರಿನಲ್ಲಿ ಮದ್ದನ್ನು ಕಾಯುವವರಿಗೆ ದ್ರೋಹಿಗಿಂತ ಮಳೆಯೇ ದಿನದಿನದ ವೈರಿಯು. ಆ ವೈರಿಯೊಡನೆ ವರ್ಷವರ್ಷವೂ ಹೆಣಗಿದವರನ್ನು ಸೆಗಣಿಯ ವಾಸನೆಯನ್ನೂ ಅರಿಯದ ಮೂಢರನ್ನಾಗಿ ಮಾಡುವದೇ ಈ ಕಥೆಯ ಫಲವು. ಇಬ್ಬರನ್ನು ದ್ರೋಹಿಗಳೆನ್ನುವ ಸಂಭ್ರಮದಲ್ಲಿ ನೂರಾರು ಜನರನ್ನು ದಡ್ಡರೆಂದಂತಾಯಿತು.

ಮದ್ದಿನ ಸಂಗ್ರಹಕ್ಕೆ ಕೇಡು ಬರಲು ದ್ರೋಹಿಯು ಬೇಕೇಬೇಕೆಂಬುದೂ ಸುಳ್ಳು. ಇದರ ನಿದರ್ಶನವು ದೂರದಲ್ಲಿಲ್ಲ. 1818ರಲ್ಲಿ ಮನ್ರೋ ಸಾಹೇಬನು ಬೆಳಗಾವಿಯ ಕೋಟೆಯನ್ನು ಮುತ್ತಿದಾಗ, ಅವನ ಬತೇರಿಯ ಮದ್ದಿನ ಸಂಗ್ರಹವೇ ಸಿಡಿದುಹೋಯಿತು. ಆ ಗೊಂದಲದಲ್ಲಿ ಕೋಟೆಯವರು ಹೊರಬಿದ್ದು ಹೊಡೆದರು. ಆದರೂ ಎಪ್ರಿಲ್ 10ರಂದು ಕೋಟೆಯು ಮನ್ರೋನ ಕೈಸೇರಿತು. ಇಲ್ಲಿ ಗಮನಿಸತಕ್ಕದ್ದೇನು? ಮದ್ದು ಹೋದವನೇ ಗೆದ್ದನು. ಏಕೆಂದರೆ ಹೋದದ್ದಕ್ಕೆ ಬದಲು ಬೇರೆ ಮದ್ದನ್ನು ತರಿಸುವ ಶಕ್ತಿಯು ಅವನಿಗಿತ್ತು. ಕೋಟೆಯೊಳಗಿದ್ದವರಿಗೆ ಅದು ಇರಲಿಲ್ಲ. ಆ ಮುತ್ತಿಗೆಯಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ಮನ್ರೋನಿಗೆ ನೆರವಾಗಿದ್ದನು. ಅದಕ್ಕಾಗಿಯೇ ಕಂಪನಿಯು ಅವನ ಸಂಸ್ಥಾನವನ್ನು ಕಾಣಿಕೆಯ ಕರಾರಿನ ಮೇಲೆ ಅವನಿಗೆ ಉಳಿಸಿಕೊಟ್ಟಿತು. ಆರೇ ವರ್ಷಗಳ ತರುವಾಯ ಅದೇ ಕಂಪನಿಯು ಅದೇ ವಿದ್ಯೆಯನ್ನು ಕಿತ್ತೂರಿನ ಗೋಡೆಯ ಮೇಲೆ ಪ್ರಯೋಗಿಸಿತು.

ಸೋಲಿನ ಮೂಲವನ್ನು ಹುಡುಕಬೇಕಾದದ್ದು ಇಲ್ಲಿಯೇ. 1758ರಿಂದ ಬಿಹಾರದ ಪೆಟ್ಲುಪ್ಪಿನ ಏಕಸ್ವಾಮ್ಯವು ಕಂಪನಿಯದಾಗಿತ್ತು. ಆ ಕಾಲದ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಪೆಟ್ಲುಪ್ಪಿನ ನೆಲೆಯಿರಲಿಲ್ಲ. 1787ರಲ್ಲಿ ಬಂಗಾಲದ ಇಚ್ಛಾಪುರದಲ್ಲಿ ಕಂಪನಿಯು ಮದ್ದಿನ ಕಾರಖಾನೆಯನ್ನು ಸ್ಥಾಪಿಸಿತು. 1801ರಲ್ಲಿ ಕಲಕತ್ತೆಯ ಬಳಿ ಕಾಶೀಪುರದಲ್ಲಿ ತೋಫಿನ ಗಾಡಿಗಳ ಕಾರಖಾನೆಯು ಹುಟ್ಟಿತು. ಒಂದು ಗಾಡಿಯ ಗಾಲಿ ಮುರಿದರೆ ಅದೇ ಅಳತೆಯ ಇನ್ನೊಂದು ಗಾಲಿಯು ಉಗ್ರಾಣದಿಂದ ಬರುವದು. ಒಂದು ದಂಡಿನ ಮದ್ದು ತೀರಿದರೆ ಇನ್ನೊಂದು ಠಾಣ್ಯದಿಂದ ಬರುವದು. ಒಂದು ಸಂಸ್ಥಾನದ ಶಸ್ತ್ರಾಗಾರವು ಎಷ್ಟೇ ತುಂಬಿದ್ದರೂ ಅದು ಕೆರೆಯ ನೀರು. ಕಂಪನಿಯದು ಹೊಳೆಯ ನೀರು. ಕೆರೆಯು ಮುತ್ತಿಗೆಯಲ್ಲಿ ಬತ್ತುವದಕ್ಕೆ ಯಾರೂ ಸೆಗಣಿ ಹಾಕಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಕೆಲವರು ಸಿಟ್ಟಿನಿಂದ ಕೇಳಬಹುದು: ಹಾಗಾದರೆ ಕಿತ್ತೂರಿನಲ್ಲಿ ದ್ರೋಹವೇ ನಡೆಯಲಿಲ್ಲವೆ? ಆ ವಾದವು ಇಲ್ಲಿಲ್ಲ. ಒಳಜಗಳವಿಲ್ಲದ ಸಂಸ್ಥಾನವನ್ನು ಆ ಕಾಲದಲ್ಲಿ ಕಾಣುವದು ದುರ್ಲಭವು. ಕಂಪನಿಯ ಕಡೆಗೆ ವಾಲಿದವರು ಎಲ್ಲ ದರಬಾರುಗಳಲ್ಲಿಯೂ ಇದ್ದರು. ಕಂಪನಿಯ ರಾಜನೀತಿಯು ಅಂಥವರ ಮೇಲೆಯೇ ನಿಂತಿತ್ತು. ಒಬ್ಬ ಕಾರಭಾರಿಯು ಮಾಡಿದ ತಪ್ಪಿಗೆ ಪುರಾವೆಯಿದ್ದರೆ ಅದನ್ನು ಮುಚ್ಚಬೇಕಾಗಿಲ್ಲ. ಆದರೆ ಸೋಲಿನ ಇಡೀ ಭಾರವನ್ನು ಇಬ್ಬರ ಹೆಸರಿನ ಮೇಲೆ ಹೇರಿ, ಆ ಹೆಸರುಗಳನ್ನು ಬೈಗಳನ್ನಾಗಿ ಮಾಡಿ, ಆ ಬೈಗಳು ಅವರ ಕುಲದವರನ್ನೆಲ್ಲ ತಟ್ಟುವಂತೆ ಬಿಡುವದು ನ್ಯಾಯವಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಮಾತು ಕಿತ್ತೂರಿನವರಿಗೆ ಸಲ್ಲದು; ಅವರು ಕುಣಿದು ತೋರಿಸಿದರು. ನೆಲ ಡೊಂಕೆನ್ನುತ್ತಿರುವವರು ಇಂದಿನವರು.

ಇನ್ನೂ ಕೆಲವರು, ಜನರ ನಂಬುಗೆಯು ಜನರದಾಗಿರಲಿ, ಅದರಿಂದ ಯಾರಿಗೇನು ಕೆಡುಕು ಎಂದು ಸಮಾಧಾನ ಹೇಳುವರು. ಲಾವಣಿಯು ಲಾವಣಿಯಾಗಿದ್ದರೆ ಕೆಡುಕಿಲ್ಲ. ಶಿಕ್ಷಕನು ಅದನ್ನು ವರ್ಗದಲ್ಲಿ ಇತಿಹಾಸವೆಂದು ಹೇಳಿದ ದಿನದಿಂದ ಕೆಡುಕು ಮೊದಲಾಗುವದು. ಹುಡುಗನು ಎರಡು ಪಾಠಗಳನ್ನು ಕಲಿತು ಮನೆಗೆ ಹೋಗುವನು: ಒಂದು, ವೈರಿಯ ಬಲವನ್ನು ಎಣಿಸಬೇಕಾಗಿಲ್ಲ, ಬಾಯಿಗೆ ಬಂದ ಸಂಖ್ಯೆ ಸಾಕು, ಎರಡು, ಸೋತಾಗ ತನ್ನ ಸಿದ್ಧತೆಯನ್ನು ನೋಡಬೇಕಾಗಿಲ್ಲ, ನೆರೆಯವನನ್ನು ದೂರಿದರಾಯಿತು. ಚೆನ್ನಮ್ಮನ ಹೆಸರಿನಲ್ಲಿ ಇಂಥ ಪಾಠವನ್ನು ಕಲಿಸುವದು ಅವಳಿಗೆ ತೋರಿಸುವ ಭಕ್ತಿಯಲ್ಲ. ಅದಲ್ಲದೆ, ಪರಸ್ಥಳದ ವಿದ್ವಾಂಸನೊಬ್ಬನು ಆ 437ರ ಲೆಕ್ಕವನ್ನು ಓದಿ ನಕ್ಕು ಪುಸ್ತಕವನ್ನು ಮುಚ್ಚಿದರೆ, ಅದರೊಡನೆ ಕಿತ್ತೂರಿನ ನಿಜವಾದ ವಿಜಯವೂ ಮುಚ್ಚಿಹೋಗುವದು. ಸುಳ್ಳಿನ ಸಹವಾಸದಲ್ಲಿ ಸತ್ಯದ ಮಾನವೂ ಹೋಗುವದು.

ಆಯುಧ ಸಂಗ್ರಹದ ದೃಷ್ಟಿಯಿಂದ ನೋಡಿದರೆ ಕಿತ್ತೂರಿನ ಕಥೆಯು ಕಿತ್ತೂರಿನಲ್ಲಿಯೇ ಮುಗಿಯುವದಿಲ್ಲ. ನೆರೆಯ ಊರುಗಳ ಇತಿಹಾಸದೊಡನೆ ಅದು ಒಂದಾಗಿ ಹೆಣೆದುಕೊಳ್ಳುವದು. 1785ರಲ್ಲಿ ಟಿಪ್ಪುವಿನ ಸೈನ್ಯವು ನರಗುಂದವನ್ನು ಮುತ್ತಿ ಹಿಡಿದಾಗ ರಾಮದುರ್ಗ, ಕಿತ್ತೂರುಗಳೂ ಅವನ ಪಾಲಾದವು. ತೋಫಿನ ಮುತ್ತಿಗೆಯೆಂದರೇನೆಂಬುದನ್ನು ಈ ನಾಡು ಆಗಲೇ ಕಂಡಿತ್ತು. ಸವದತ್ತಿಯಲ್ಲಿ ದೇಸಾಯರ ಕಾಲದ ಕೋಟೆಯೂ, ಅದರ ಸಮೀಪದಲ್ಲಿ ಪರಸಗಡವೂ ಇಂದಿಗೂ ನಿಂತು ಆ ಕಾಲದ ಸಾಕ್ಷಿ ಹೇಳುತ್ತಿರುವವು. 1824ರ ತರುವಾಯ ಕೋಟೆಯೂ ಶಸ್ತ್ರಾಗಾರವೂ ಕೈಬಿಟ್ಟುಹೋದಾಗ ಸಂಗೊಳ್ಳಿ ರಾಯಣ್ಣನಿಗೆ ಉಳಿದದ್ದು ಕಾಡು, ಜನ, ಮತ್ತು ಕೈಗೆ ಸಿಕ್ಕ ಆಯುಧ. ಅವನು ಕೋಟೆ ಕಟ್ಟಿ ಕಾದಲಿಲ್ಲ. ಕಚೇರಿಗಳ ಮೇಲೆ ಬಿದ್ದು ಕಾಡಿಗೆ ಹಿಂದಿರುಗಿದನು. ಇದು ಅವನ ಸ್ವಭಾವವಷ್ಟೇ ಅಲ್ಲ, ಶಸ್ತ್ರಾಗಾರವಿಲ್ಲದ ಸೇನೆಯ ಅನಿವಾರ್ಯವಾದ ಯುದ್ಧನೀತಿಯು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಕಂಪನಿಯು ಈ ಪಾಠವನ್ನು ಮರೆಯಲಿಲ್ಲ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯು ಹೊರಟಾಗ ಹಲಗಲಿಯ ಬೇಡರು ಒಪ್ಪದೆ ಎದ್ದರು; ಊರು ಸುಟ್ಟುಹೋಯಿತು. ಮರುವರ್ಷ ನರಗುಂದದ ಭಾಸ್ಕರರಾಯನು ಎದ್ದನು. ಅವನಿಗೂ ಕಿತ್ತೂರಿನವರಿಗಾದಂತೆಯೇ ದತ್ತಕದ ಅನುಮತಿ ದೊರೆತಿರಲಿಲ್ಲ. 1858ರ ಮೇ ತಿಂಗಳ ಕೊನೆಯಲ್ಲಿ ರಾಮದುರ್ಗದ ಕಡೆಯಿಂದ ನರಗುಂದಕ್ಕೆ ಹೊರಟ ಮ್ಯಾನ್ಸನ್ನನು ಸುರೇಬಾನದಲ್ಲಿ ಹತನಾದನು. ಕೆಲವೇ ದಿನಗಳಲ್ಲಿ ನರಗುಂದವು ಬಿದ್ದಿತು. ಜೂನ್ 12ರಂದು ಭಾಸ್ಕರರಾಯನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವನ ಮಲಸಹೋದರನಾದ ರಾಮದುರ್ಗದ ಸಂಸ್ಥಾನಿಕನು ಆ ದಂಗೆಯಲ್ಲಿ ಕೂಡಲಿಲ್ಲ. ಕಟ್ಟಕಡೆಗೆ 1878ರ ಆಯುಧಗಳ ಕಾಯಿದೆಯು ದೇಶದ ಸಾಮಾನ್ಯನ ಕೈಯಿಂದ ಪರವಾನಗಿಯಿಲ್ಲದ ಬಂದೂಕನ್ನು ಕಸಿದುಕೊಂಡಿತು. ಕಿತ್ತೂರಿನ ಮದ್ದಿನ ಮನೆಯಿಂದ ಮೊದಲಾದ ದಾರಿಯು ಇಲ್ಲಿಗೆ ಬಂದು ಮುಟ್ಟುವದು. ಇಷ್ಟು ದೀರ್ಘವಾದ, ಇಷ್ಟು ಗಂಭೀರವಾದ ಇತಿಹಾಸವನ್ನು ಒಂದು ಬುಟ್ಟಿ ಸೆಗಣಿಯಲ್ಲಿ ಮುಚ್ಚಿಹಾಕಿದ್ದೇ ನಿಜವಾದ ದ್ರೋಹವು.

ಇದರಲ್ಲಿ ನಾಚಿಕೆ ಹುಟ್ಟಿಸುವ ಇನ್ನೊಂದು ಸಂಗತಿಯುಂಟು. ಕಿತ್ತೂರಿನವರು ಸೆರೆಹಿಡಿದಿದ್ದ ಎಲಿಯಟ್ಟನು ಮುಂದೆ ಸರ್ ವಾಲ್ಟರ್ ಎಲಿಯಟ್ಟನೆಂದು ಪ್ರಸಿದ್ಧನಾದನು. ಈ ಪ್ರಾಂತದ ಊರೂರು ತಿರುಗಿ, ಹಳ್ಳಿಗಳ ಗುಡಿಗಳಲ್ಲಿ ಬಿದ್ದಿದ್ದ ನೂರಾರು ಕನ್ನಡ ಶಿಲಾಶಾಸನಗಳನ್ನು ಪ್ರತಿಮಾಡಿಸಿ, ಚಾಲುಕ್ಯರ ವಂಶಾವಳಿಗೆ ಒಂದು ರೂಪವನ್ನು ಕೊಟ್ಟವನು ಅವನೇ. ಕಿತ್ತೂರಿನ ಸೆರೆಯಾಳು ಕನ್ನಡಿಗರ ಕಲ್ಲುಗಳನ್ನು ಎಣಿಸಿ ಹೋದನು. ಕಿತ್ತೂರಿನ ವಾರಸುದಾರರು ತಮ್ಮ ಕೋಟೆಯ ತೋಫುಗಳನ್ನು ಎಣಿಸದೆ ಬಾಯಿಲೆಕ್ಕದಲ್ಲಿಯೇ ತೃಪ್ತರಾಗಿರುವರು.

ಆಗಬೇಕಾದ ಕೆಲಸವು ಅಸಾಧ್ಯವಾದದ್ದಲ್ಲ. ಕಿತ್ತೂರಿನ ಅರಮನೆಯು ಮಾಡಿಲ್ಲದೆ ನಿಂತಿದ್ದರೂ ಅದರ ನೆಲಗಟ್ಟು ಉಳಿದಿದೆ. ಕೋಟೆಯೊಳಗೆ ಸರಕಾರದ ವಸ್ತುಸಂಗ್ರಹಾಲಯವಿದೆ. ಆ ನೆಲಗಟ್ಟನ್ನು ಅಡಿಅಡಿಯಾಗಿ ಅಳೆದು, ಮದ್ದಿಗೆಂದು ಕಟ್ಟಿದ ಕೋಣೆಗಳನ್ನು ಗೋಡೆಯ ದಪ್ಪದಿಂದಲೂ ಗಾಳಿಕಿಂಡಿಗಳ ರೀತಿಯಿಂದಲೂ ಗುರುತಿಸಿ ನಕಾಶೆಯಲ್ಲಿ ತೋರಿಸಬೇಕು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯ ಕೋಟೆ ವಾಡೆಗಳಲ್ಲಿ ಉಳಿದಿರಬಹುದಾದ ತೋಫು, ಗುಂಡು, ಬಂದೂಕುಗಳ ಉದ್ದ, ಬಾಯಿಯ ಅಗಲ, ಮುದ್ರೆಗಳನ್ನು ಬರೆದು ಒಂದು ಯಾದಿಯನ್ನು ಮಾಡಬೇಕು. ಮುಂಬಯಿ ಪುಣೆಗಳ ದಫ್ತರಗಳಲ್ಲಿರುವ ಕಂಪನಿಯ ಕಾಗದಗಳನ್ನೂ ಮೋಡಿ ಲಿಪಿಯ ಪತ್ರಗಳನ್ನೂ ಓದಬಲ್ಲ ತರುಣರನ್ನು ಜಿಲ್ಲೆಯ ಸಂಘಗಳೇ ಸಿದ್ಧಗೊಳಿಸಬೇಕು. ಉತ್ಸವಕ್ಕೆ ಮಾಡುವ ವೆಚ್ಚದ ಒಂದಂಶವನ್ನು ಇದಕ್ಕೆ ತೆಗೆದಿರಿಸಿದರೂ ಐದಾರು ವರ್ಷಗಳಲ್ಲಿ ಕಿತ್ತೂರಿಗೆ ಒಪ್ಪುವಂಥ ಗ್ರಂಥವೊಂದು ಕನ್ನಡದಲ್ಲಿ ಹುಟ್ಟೀತು. ಆ ಕಾಗದಗಳಿಂದ ದ್ರೋಹವು ನಿಜವೆಂದು ತೋರಿದರೆ ಅದೂ ಆ ಗ್ರಂಥದಲ್ಲಿ ಬರಲಿ. ತೋರದಿದ್ದರೆ ಎರಡು ಶತಮಾನಗಳಿಂದ ಶಾಪ ಹೊತ್ತ ಹೆಸರುಗಳು ಹಗುರಾಗಲಿ.

ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂದು ಗಾದೆಯುಂಟು. ಕಿತ್ತೂರಿನವರು ಬಾಗಿಲನ್ನು ಹಾಕಿಕೊಂಡು ಕೂಡಲಿಲ್ಲ. ತೆರೆದು ಹೊರಗೆ ಬಂದರು. ಅವರ ಇತಿಹಾಸವನ್ನು ಬರೆಯುವವರಿಗೂ ಅಷ್ಟೇ ಧೈರ್ಯವು ಬೇಕು.